ನಿಮ್ಮದೇ ರೈಫಲ್ ಕಟ್ಟಿಸಲು ಹಳೆಯ ಬೋಲ್ಟ್ ಆ್ಯಕ್ಷನ್ ಕೊಳ್ಳುವ ಬಗೆ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಕೊಂಬಿಗೆ ಬಳಿದ ಬಣ್ಣ ನೋಡುವುದಿಲ್ಲ. ಹಳೆಯ ರೈಫಲ್ ಕೊಳ್ಳಲು ಹೋದಾಗ ಮಾತ್ರ ನಮ್ಮ ಕಣ್ಣು ನೇರವಾಗಿ ಬಣ್ಣಕ್ಕೇ ಹೋಗುತ್ತದೆ. ಭುಜಕ್ಕೆ ಒರಗಿಸುವ ಮರದ ಸ್ಟಾಕ್‌ನ ಗೆರೆಗಳು, ಕಪ್ಪಗೆ ಮಿನುಗುವ ಬ್ಯಾರೆಲ್, ಮೇಲೆ ಕೂರಿಸಿದ ದೊಡ್ಡ ಸ್ಕೋಪ್. ಇವೆಲ್ಲ ಸೇರಿ ಬೆಲೆ ಏರಿಸುತ್ತವೆ. ಆದರೆ ನೀವು ಈ ರೈಫಲ್ಲನ್ನು ಬಿಚ್ಚಿ ಹೊಸದಾಗಿ ಕಟ್ಟಿಸುವವರಾದರೆ ಇವುಗಳಲ್ಲಿ ಒಂದೂ ಉಳಿಯುವುದಿಲ್ಲ. ಬ್ಯಾರೆಲ್ ಹೋಗುತ್ತದೆ, ಸ್ಟಾಕ್ ಹೋಗುತ್ತದೆ, ಹೆಚ್ಚಾಗಿ ಟ್ರಿಗರ್ ಕೂಡ ಹೋಗುತ್ತದೆ. ಉಳಿಯುವುದು ರಿಸೀವರ್, ಅಂದರೆ ಉಳಿದ ಭಾಗಗಳನ್ನೆಲ್ಲ ಹಿಡಿದಿಡುವ ಉಕ್ಕಿನ ಒಡಲು, ಮತ್ತು ಅದರೊಳಗೆ ಹಿಂದೆ ಮುಂದೆ ಸರಿದು ಕಾಡತೂಸನ್ನು ಒಳತಳ್ಳಿ ಮುಚ್ಚುವ ಬೋಲ್ಟ್. ಇವೆರಡನ್ನೂ ಸೇರಿಸಿ ಆ್ಯಕ್ಷನ್ ಅನ್ನುತ್ತೇವೆ. ನೀವು ಹಣ ಕೊಡಬೇಕಾದದ್ದು ಅದಕ್ಕೆ.

ಈ ಒಂದು ಮಾತು ತಲೆಯಲ್ಲಿದ್ದರೆ ಅಂಗಡಿಯಲ್ಲಿ ನಿಮ್ಮ ನಡೆಯೇ ಬದಲಾಗುತ್ತದೆ. ಬೇರೆಯವರು ಮುಖ ತಿರುಗಿಸುವ ರೈಫಲ್ ನಿಮಗೆ ಬೇಕಾದದ್ದಾಗಿರುತ್ತದೆ. ಸ್ಟಾಕ್ ಸೀಳಿದೆಯೇ? ಒಳ್ಳೆಯದು. ಬ್ಯಾರೆಲ್ ಸವೆದಿದೆಯೇ? ಇನ್ನೂ ಒಳ್ಳೆಯದು. ಆ್ಯಕ್ಷನ್ ಸರಿಯಿದ್ದರೆ ಸಾಕು.

ಮೊದಲು ಕಾಗದ, ಆಮೇಲೆ ಕಬ್ಬಿಣ

ಇದು ಬೇಸರದ ಭಾಗ, ಆದರೂ ಮೊದಲೇ ಮುಗಿಸಿಕೊಳ್ಳಿ. ಹೆಚ್ಚಿನ ಕಡೆ ಕಾನೂನು ರಿಸೀವರನ್ನೇ ಬಂದೂಕು ಎಂದು ಎಣಿಸುತ್ತದೆ. ನಂಬರ್ ಇರುವುದು ಅದರ ಮೇಲೆ. ಕೆಲವು ದೇಶಗಳಲ್ಲಿ ಬ್ಯಾರೆಲ್ ಮತ್ತು ಬೋಲ್ಟ್‌ಗೂ ಲೈಸೆನ್ಸ್‌ನಲ್ಲಿ ದಾಖಲೆ ಬೇಕು. ಹಾಗಾಗಿ ಮೂರು ಪ್ರಶ್ನೆಗೆ ಉತ್ತರ ತಿಳಿದುಕೊಳ್ಳದೆ ಮುಂಗಡ ಕೊಡಬೇಡಿ. ನಿಮ್ಮ ಲೈಸೆನ್ಸ್ ಈ ರೈಫಲ್‌ಗೆ ಹೊಂದುತ್ತದೆಯೇ? ಬ್ಯಾರೆಲ್ ಬದಲಿಸಿ ಬೇರೆ ಕ್ಯಾಲಿಬರ್ (ಗುಂಡಿನ ಅಳತೆ) ಮಾಡಲು ಅನುಮತಿ ಬೇಕೇ? ಬಿಚ್ಚಿದ ಹಳೆಯ ಬ್ಯಾರೆಲ್ಲನ್ನು ಮಾರಬಹುದೇ, ಒಪ್ಪಿಸಬೇಕೇ?

ಸಿ.ಐ.ಪಿ. ಎಂಬ, ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಇನ್ನೊಂದು ಹೆಜ್ಜೆ ಜಾಸ್ತಿ. ಹೊಸ ಬ್ಯಾರೆಲ್ ಕೂರಿಸಿದ ಮೇಲೆ ರೈಫಲ್ಲನ್ನು ಪ್ರೂಫ್ ಹೌಸ್‌ಗೆ ಕೊಡಬೇಕು. ಅಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ಕಾಡತೂಸು ಹೊಡೆದು ನೋಡಿ ಮುದ್ರೆ ಹಾಕುತ್ತಾರೆ. ಇದಕ್ಕೆ ತಗಲುವ ಖರ್ಚು, ಸಮಯ ಎರಡನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ನಂಬರನ್ನು ಕಣ್ಣಾರೆ ನೋಡಿ, ಕಾಗದದ ನಂಬರಿಗೆ ಹೋಲಿಸಿ. ನಂಬರಿನ ಸುತ್ತ ಉಜ್ಜಿದ ಗುರುತು, ತಗ್ಗು, ಬೇರೆ ಬಣ್ಣ ಕಂಡರೆ ರೈಫಲ್ಲನ್ನು ಅಲ್ಲೇ ಇಟ್ಟು ಬನ್ನಿ. ಚೌಕಾಸಿ ಕೂಡ ಬೇಡ.

ಕಾಡತೂಸು ಯಾವುದು ಎಂದು ಮೊದಲೇ ತೀರ್ಮಾನಿಸಿ

ಸುಮಾರು ಜನ ಇಲ್ಲಿ ತಲೆಕೆಳಗಾಗಿ ಕೆಲಸ ಮಾಡುತ್ತಾರೆ. ಅಗ್ಗವಾಗಿ ಸಿಕ್ಕಿತು ಅಂತ ರೈಫಲ್ ತರುತ್ತಾರೆ, ಆಮೇಲೆ ಅದಕ್ಕೆ ಯಾವ ಕ್ಯಾಲಿಬರ್ ಕೂರುತ್ತದೆ ಎಂದು ಹುಡುಕುತ್ತಾರೆ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಆ ಆ್ಯಕ್ಷನ್ ಎರಡು ವರ್ಷ ಸುಮ್ನೆ ಕಪಾಟಿನಲ್ಲಿ ಮಲಗಿತ್ತು.

ಒಂದು ಆ್ಯಕ್ಷನ್‌ಗೆ ಯಾವ ಕಾಡತೂಸು ಹೊಂದುತ್ತದೆ ಎಂಬುದನ್ನು ಎರಡು ಅಳತೆಗಳು ಹೇಳುತ್ತವೆ. ಮೊದಲನೆಯದು ಬೋಲ್ಟ್‌ನ ಮುಖ. ಕಾಡತೂಸಿನ ಹಿಂಬದಿಯ ಅಂಚು ಬಂದು ಕೂರುವ ಜಾಗ ಅದು. .223 ರೆಮಿಂಗ್ಟನ್‌ನ ಅಂಚು 0.378 ಇಂಚು. .308 ವಿಂಚೆಸ್ಟರ್‌ನದ್ದು 0.473 ಇಂಚು, ಅಂದರೆ ಸುಮಾರು 12 ಮಿ.ಮೀ. .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಪಟ್ಟಿ ಕಟ್ಟಿದ ಮ್ಯಾಗ್ನಮ್‌ಗಳದ್ದು (ಹೆಚ್ಚು ಮದ್ದು ತುಂಬುವ ಕಾಡತೂಸುಗಳು) 0.532. .338 ಲಾಪುವಾ ಇನ್ನೂ ದಪ್ಪ, 0.588.

ಇದರಲ್ಲಿ 0.473 ಅಳತೆಯದ್ದು ಬಲು ದೊಡ್ಡ ಕುಟುಂಬ. .22-250, .243, 6.5 ಕ್ರೀಡ್‌ಮೂರ್, 7ಎಂಎಂ-08, .308, .270, .30-06 ಎಲ್ಲವೂ ಅದೇ ಮನೆಯವು. ಮೊದಲ ಸಲ ಕಟ್ಟಿಸುವವರಿಗೆ ನನ್ನ ಸಲಹೆ ಒಂದೇ: ಈ ಮುಖ ಇರುವ ಬೋಲ್ಟ್ ಕೊಳ್ಳಿ. ಮುಂದೆ ಮನಸ್ಸು ಬದಲಾದರೆ ಬ್ಯಾರೆಲ್ ಮಾತ್ರ ಬದಲಿಸಿದರೆ ಆಯಿತು.

ಎರಡನೆಯದು ಉದ್ದ. .308ರ ಇಡೀ ಕಾಡತೂಸು 2.810 ಇಂಚಿನವರೆಗೆ ಇರಬಹುದು. ಅದು ಶಾರ್ಟ್ ಆ್ಯಕ್ಷನ್‌ನಲ್ಲಿ ಕೂರುತ್ತದೆ. .30-06ರದ್ದು 3.340 ಇಂಚು, ಅದಕ್ಕೆ ಲಾಂಗ್ ಆ್ಯಕ್ಷನ್ ಬೇಕು. .338 ಲಾಪುವಾ 3.681 ಇಂಚು, ಅದರ ಲೋಕವೇ ಬೇರೆ. ಲಾಂಗ್ ಆ್ಯಕ್ಷನ್‌ನಲ್ಲಿ ಚಿಕ್ಕ ಕಾಡತೂಸು ಹಾಕಬಹುದು, ಮ್ಯಾಗಜೀನ್ ಸರಿಹೊಂದಿಸಬೇಕು ಅಷ್ಟೆ. ಶಾರ್ಟ್ ಆ್ಯಕ್ಷನ್‌ನಲ್ಲಿ ಉದ್ದದ್ದು ಹಿಡಿಯುವುದಿಲ್ಲ. ಉದ್ದನೆಯ, ಭಾರದ ಬುಲೆಟ್‌ಗಳನ್ನು ಹೊರಚಾಚಿ ಕೂರಿಸಿ ತಾವೇ ಕಾಡತೂಸು ತಯಾರಿಸಿಕೊಳ್ಳುವವರು ಈ ಅಳತೆಯನ್ನು ಇನ್ನಷ್ಟು ಹುಷಾರಾಗಿ ನೋಡಬೇಕು. ರಿಸೀವರ್ ಉದ್ದ ಸಾಕಾದರೂ ಮ್ಯಾಗಜೀನ್ ಪೆಟ್ಟಿಗೆ ಸಾಲದೆ ಹೋಗಬಹುದು.

ಬೋಲ್ಟ್ ಮುಖವನ್ನು ಕೊರೆದು ಅಗಲ ಮಾಡಿಸಬಹುದಲ್ವಾ ಎಂದು ಕೇಳುವವರಿದ್ದಾರೆ. ಮಾಡಿಸಬಹುದು. ಆದರೆ ಅಷ್ಟರಿಂದ ಮುಗಿಯುವುದಿಲ್ಲ. ಖಾಲಿ ಕಾಡತೂಸನ್ನು ಹಿಡಿದು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಬದಲಾಗಬೇಕು, ಮ್ಯಾಗಜೀನ್‌ನ ತುಟಿ ಬದಲಾಗಬೇಕು. ಕಾಡತೂಸು ಜಾರಿ ಒಳಹೋಗುವ ಅಂಚುಗಳನ್ನು ಅರದಿಂದ ಉಜ್ಜಬೇಕು. ಆ ಅಂಚುಗಳಲ್ಲಿ ಒಮ್ಮೆ ಜಾಸ್ತಿ ಉಜ್ಜಿದರೆ ಮತ್ತೆ ಸೇರಿಸಲು ಬರುವುದಿಲ್ಲ. ಇದನ್ನು ಚೆನ್ನಾಗಿ ಮಾಡುವ ಗನ್‌ಸ್ಮಿತ್‌ಗಳು ಕಡಿಮೆ. ಬೇಕಾದ ಮುಖ ಇರುವುದನ್ನೇ ಕಾದು ಕೊಳ್ಳಿ.

ಯಾವ ಆ್ಯಕ್ಷನ್?

ಇಲ್ಲಿ ಗಟ್ಟಿತನಕ್ಕಿಂತ ದೊಡ್ಡ ವಿಷಯ ಬಿಡಿಭಾಗಗಳು ಸಿಗುತ್ತವೆಯೇ ಎನ್ನುವುದು. ಒಳ್ಳೆಯ ಆ್ಯಕ್ಷನ್ ಇದ್ದು ಅದಕ್ಕೆ ಸ್ಟಾಕ್, ಟ್ರಿಗರ್, ಬ್ಯಾರೆಲ್ ಮಾಡುವವರು ಯಾರೂ ಇಲ್ಲದಿದ್ದರೆ ಪ್ರತಿಯೊಂದನ್ನೂ ಹೇಳಿ ಮಾಡಿಸಬೇಕಾಗುತ್ತದೆ.

ಈ ಲೆಕ್ಕದಲ್ಲಿ ರೆಮಿಂಗ್ಟನ್ 700 ಮುಂದಿದೆ. 1962ರಲ್ಲಿ ಬಂದದ್ದು. ದುಂಡನೆಯ ಕೊಳವೆಯಂಥ ರಿಸೀವರ್, ಬ್ಯಾರೆಲ್‌ಗೂ ರಿಸೀವರ್‌ಗೂ ನಡುವೆ ಸಿಕ್ಕಿಸಿದ ಬಿಲ್ಲೆಯಂಥ ರಿಕಾಯಿಲ್ ಲಗ್ (ಗುಂಡಿನ ಹಿಂದೊದೆತವನ್ನು ಸ್ಟಾಕ್‌ಗೆ ದಾಟಿಸುವ ತುಂಡು). ದುಂಡಗಿರುವುದರಿಂದ ಲೇತ್‌ನಲ್ಲಿ ಹಿಡಿದು ನೇರ ಮಾಡುವುದು, ಅಂದರೆ ಎಲ್ಲ ಭಾಗಗಳನ್ನೂ ಒಂದೇ ನೇರಕ್ಕೆ ತರುವುದು, ಸುಲಭ. ಇದಕ್ಕೆ ಬಿಡಿಭಾಗ ಮಾಡುವವರು ಎಷ್ಟು ಜನರೆಂದರೆ, ಈಗ ಹೊಸದಾಗಿ ಬರುವ ಎಷ್ಟೋ ಕಸ್ಟಮ್ ಆ್ಯಕ್ಷನ್‌ಗಳು ಇದರ ಅಳತೆಯನ್ನೇ ಅನುಸರಿಸುತ್ತವೆ. ಬ್ಯಾರೆಲ್‌ನ ಥ್ರೆಡ್ 1-1/16 ಇಂಚು ಅಗಲ, ಇಂಚಿಗೆ 16 ಎಳೆ. ಇದು ಯಾವ ಬ್ಯಾರೆಲ್ ತಯಾರಕರಿಗೂ ಬಾಯಿಪಾಠ.

ಇದರ ಎರಡು ಕೊರತೆಗಳನ್ನೂ ಹೇಳಿಬಿಡುತ್ತೇನೆ. ಬೋಲ್ಟ್‌ನ ಹಿಡಿಯನ್ನು ಬೆಸೆದು ಅಂಟಿಸಿರುತ್ತಾರೆ. ಆ ಹಿಡಿ ಸ್ವಲ್ಪ ಹಿಂದೆ ಮುಂದೆ ಕೂತಿದ್ದರೆ, ಖಾಲಿ ಕಾಡತೂಸನ್ನು ಮೊದಲ ಎಳೆತಕ್ಕೆ ಸಡಿಲಿಸುವ ಶಕ್ತಿ ಕಡಿಮೆಯಾಗುತ್ತದೆ. ಬೋಲ್ಟ್ ಹಿಡಿಯನ್ನು ಪೂರ್ತಿ ಮೇಲೆತ್ತುವಾಗ ಕೊನೆಯ ಹಂತದಲ್ಲಿ ಬೋಲ್ಟ್ ಕೊಂಚ ಹಿಂದಕ್ಕೆ ಸರಿಯಬೇಕು. ಸರಿಯದಿದ್ದರೆ ಹಿಡಿಯನ್ನು ಬಿಡಿಸಿ ಸರಿಯಾದ ಜಾಗದಲ್ಲಿ ಮತ್ತೆ ಬೆಸೆಯಬೇಕು. ಇನ್ನೊಂದು ಟ್ರಿಗರ್. 2014ರ ಏಪ್ರಿಲ್‌ನಲ್ಲಿ ಕಂಪನಿಯೇ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇದ್ದ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ರಿಪೇರಿಗೆ ವಾಪಸ್ ಕರೆಸಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಅವು. ಟ್ರಿಗರ್ ಹೇಗೂ ಬದಲಿಸುತ್ತೀರಿ ಅಂದುಕೊಳ್ಳಿ. ಬದಲಿಸುವವರೆಗೆ ಆ ರೈಫಲ್‌ಗೆ ಕಾಡತೂಸು ತುಂಬಬೇಡಿ.

ಸಾವೇಜ್ 110 ಬಂದದ್ದು 1958ರಲ್ಲಿ. ನೋಡಲು ಚಂದವಿಲ್ಲ. ಆದರೆ ಕಟ್ಟಿಸುವವರ ಪಾಲಿಗೆ ಇದರಷ್ಟು ಅನುಕೂಲದ್ದು ಕಡಿಮೆ. ಬ್ಯಾರೆಲ್ಲನ್ನು ಒಂದು ದೊಡ್ಡ ನಟ್ ಹಿಡಿದಿಟ್ಟಿರುತ್ತದೆ. ಹೊಸ ಬ್ಯಾರೆಲ್ಲನ್ನು ತಿರುಗಿಸಿ, ಗೇಜ್ ಇಟ್ಟು ಅಳತೆ ಹೊಂದಿಸಿ, ನಟ್ ಬಿಗಿ ಮಾಡಿದರೆ ಆಯಿತು. ಲೇತ್ ಬೇಡ. ಬೋಲ್ಟ್‌ನ ತಲೆ ಬೇರೆ ತುಂಡಾಗಿರುವುದರಿಂದ ಮುಖದ ಅಳತೆ ಬದಲಿಸಲು ಆ ತಲೆ ಬದಲಿಸಿದರೆ ಸಾಕು. ಒಂದು ಎಚ್ಚರಿಕೆ: ಇದರಲ್ಲಿ ವರ್ಷದಿಂದ ವರ್ಷಕ್ಕೆ ಸ್ಕ್ರೂ ದೂರ, ಮ್ಯಾಗಜೀನ್ ಬಗೆ ಬದಲಾಗಿವೆ. ಸ್ಟಾಕ್ ಕೊಳ್ಳುವ ಮೊದಲು ಎರಡು ಸ್ಕ್ರೂಗಳ ನಡುವಿನ ದೂರ ನೀವೇ ಅಳೆಯಿರಿ.

ಟಿಕ್ಕಾ ಟಿ3 ಕಾರ್ಖಾನೆಯಿಂದಲೇ ನುಣುಪಾಗಿ ಬರುತ್ತದೆ. ಬೋಲ್ಟ್ ಬೆಣ್ಣೆಯಲ್ಲಿ ಚಾಕು ಇಳಿದಂತೆ ಓಡುತ್ತದೆ. ಎಲ್ಲ ಕ್ಯಾಲಿಬರ್‌ಗೂ ಒಂದೇ ಉದ್ದದ ರಿಸೀವರ್; ಬದಲಾಗುವುದು ಬೋಲ್ಟ್ ನಿಲ್ಲಿಸುವ ತುಂಡು ಮತ್ತು ಮ್ಯಾಗಜೀನ್. ರಿಕಾಯಿಲ್ ಲಗ್ ರಿಸೀವರ್‌ಗೆ ಅಂಟಿರುವುದಿಲ್ಲ, ಸ್ಟಾಕ್‌ನಲ್ಲಿ ಕೂತಿರುತ್ತದೆ. ಹಾಗಾಗಿ ಹಳೆಯ ಮಾಲೀಕ ಸ್ಟಾಕ್ ಇಲ್ಲದೆ ಮಾರುತ್ತಿದ್ದರೆ ಆ ಲಗ್ ಕೇಳಿ ಇಸ್ಕೊಳ್ಳಿ. ಇದರ ಬ್ಯಾರೆಲ್ ಬಿಚ್ಚುವುದು ಮಾತ್ರ ಜಟ್ಟಿ ಕಾಳಗ. ಅಷ್ಟು ಬಿಗಿ.

ಹೋವಾ 1500 ಜಪಾನಿನದ್ದು. ವೆದರ್‌ಬಿ ವ್ಯಾನ್‌ಗಾರ್ಡ್ ಎಂಬ ಹೆಸರಿನಲ್ಲೂ ಇದೇ ಆ್ಯಕ್ಷನ್ ಸಿಗುತ್ತದೆ. ಅಡಿ ಚಪ್ಪಟೆ, ರಿಕಾಯಿಲ್ ಲಗ್ ರಿಸೀವರ್‌ನದೇ ಭಾಗ. ಹೆಸರು ಸಣ್ಣದು, ಸರಕು ಗಟ್ಟಿ. ಅಗ್ಗವಾಗಿ ಸಿಗುವುದರಲ್ಲಿ ನನಗೆ ಇದೇ ಇಷ್ಟ.

ವಿಂಚೆಸ್ಟರ್ ಮಾಡೆಲ್ 70 ಬಗ್ಗೆ ಒಂದು ಮಾತು. 1936ರಲ್ಲಿ ಬಂದ ಇದನ್ನು 1964ರಲ್ಲಿ ಅಗ್ಗದ ತಯಾರಿಕೆಗಾಗಿ ಬದಲಿಸಿದರು. ಅದಕ್ಕೂ ಹಿಂದಿನವನ್ನು ಸಂಗ್ರಹಿಸುವವರು ಹುಡುಕಿ ಕೊಳ್ಳುತ್ತಾರೆ. ಅಂಥ ರೈಫಲ್ ಮೂಲ ಸ್ಥಿತಿಯಲ್ಲಿ ಸಿಕ್ಕಿದರೆ ದಯವಿಟ್ಟು ಬಿಚ್ಚಬೇಡಿ. ಹಾಗೇ ಇಟ್ಟುಕೊಳ್ಳಿ, ಇಲ್ಲವೇ ಮಾರಿ ಬೇರೆ ಕೊಳ್ಳಿ. ರೂಗರ್ ಎಂ77 ಗಟ್ಟಿಮುಟ್ಟು. ಆದರೆ ಮುಂದಿನ ಸ್ಕ್ರೂ ಓರೆಯಾಗಿ ಇರುವುದರಿಂದ ಸ್ಟಾಕ್, ಚಾಸಿಸ್ (ಲೋಹದ ಸ್ಟಾಕ್) ಸಿಗುವುದು ಕಷ್ಟ.

ಹಳೆಯ ಸೇನಾ ರೈಫಲ್‌ಗಳು

ಜರ್ಮನಿಯ ಸೇನೆ 1898ರಲ್ಲಿ ಕೈಗೆತ್ತಿಕೊಂಡ ಮೌಸರ್ 98, ಇವತ್ತಿನ ಅರ್ಧದಷ್ಟು ಬೋಲ್ಟ್ ರೈಫಲ್‌ಗಳ ಮುತ್ತಜ್ಜ ಅನ್ನಬಹುದು. ದೊಡ್ಡ ಉಗುರಿನಂಥ ಎಕ್ಸ್‌ಟ್ರಾಕ್ಟರ್, ಬೋಲ್ಟನ್ನು ರಿಸೀವರ್‌ಗೆ ಬಿಗಿಯುವ ಲಗ್‌ಗಳು (ಇವು ಬೋಲ್ಟ್‌ನ ಚಾಚುಗಳು, ರಿಕಾಯಿಲ್ ಲಗ್ ಅಲ್ಲ) ಮುಂದೆ ಎರಡು, ಹಿಂದೆ ಮೂರನೆಯದು, ಅಕಸ್ಮಾತ್ ಅನಿಲ ಹಿಂದಕ್ಕೆ ನುಗ್ಗಿದರೆ ಹೊರಹೋಗಲು ತೂತುಗಳು. ಒಳ್ಳೆಯ ಮೌಸರ್ ಸಿಕ್ಕಿದರೆ ಸಂತೋಷ. ಆದರೆ ಅದರ ಉಕ್ಕು ಬೇರೆ ಬಗೆಯದ್ದು. ಒಳಗೆ ಮೆತ್ತಗೆ, ಮೇಲೆ ತೆಳ್ಳನೆಯ ಗಟ್ಟಿ ಪದರ. ಹಳೆಯ ಹಲಸಿನಹಣ್ಣಿನ ಸಿಪ್ಪೆಯಂತೆ ಹೊರಗಷ್ಟೇ ಗಡಸು. ಲಗ್ ಕೂರುವ ಜಾಗವನ್ನು ನೇರ ಮಾಡುತ್ತೇನೆಂದು ಆ ಪದರ ಉಜ್ಜಿ ತೆಗೆದರೆ ಒಳಗಿನ ಮೆತ್ತನೆಯ ಉಕ್ಕಿಗೆ ಪೆಟ್ಟು ಬಿದ್ದು ಗುಳಿ ಬೀಳುತ್ತದೆ. ಯಾರೋ ಬೋಲ್ಟ್ ಹಿಡಿಯನ್ನು ಬಗ್ಗಿಸಲು ಕೆಂಪಗೆ ಕಾಯಿಸಿದ್ದರೆ ಆ ಬಿಸಿ ಲಗ್‌ವರೆಗೂ ಹೋಗಿರಬಹುದು. ಬೋಲ್ಟ್ ಮೇಲೆ ನೀಲಿ, ಹೊಂಬಣ್ಣದ ಛಾಯೆ ಕಂಡರೆ ಸಂಶಯ ಪಡಿ.

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ 1903ರಲ್ಲಿ ನಂಬರೇ ನಿಮಗೆ ಎಚ್ಚರಿಕೆ ಹೇಳುತ್ತದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ತಯಾರಾದ 8,00,000ಕ್ಕಿಂತ ಕೆಳಗಿನ ನಂಬರಿನವು, ರಾಕ್ ಐಲ್ಯಾಂಡ್‌ನ 2,85,507ಕ್ಕಿಂತ ಕೆಳಗಿನವು ಹಳೆಯ ಹದ ಹಾಕುವ ವಿಧಾನದವು. ಅವುಗಳಲ್ಲಿ ಕೆಲವು ಬಳೆಯಂತೆ ಒಡೆದಿವೆ. ಗೋಡೆಗೆ ಚಂದ, ಕಟ್ಟಿಸಲು ಬೇಡ. 1917ರ ಎನ್‌ಫೀಲ್ಡ್ ಗಟ್ಟಿ ಆ್ಯಕ್ಷನ್, ಆದರೆ ಎಡ್ಡಿಸ್ಟೋನ್‌ನಲ್ಲಿ ತಯಾರಾದವುಗಳಿಗೆ ಬ್ಯಾರೆಲ್ ವಿಪರೀತ ಬಿಗಿ. ಬಿಚ್ಚುವಾಗ ರಿಸೀವರ್‌ನಲ್ಲಿ ಕೂದಲೆಳೆಯ ಬಿರುಕು ಬರುವುದುಂಟು.

ಹಳೆಯ ಸೇನಾ ಕಾಡತೂಸುಗಳ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ಉಪ್ಪಿನಂಥ ಶೇಷ ಬಿಡುತ್ತಿತ್ತು. ಅದು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಬ್ಯಾರೆಲ್ ಹೋದರೆ ಹೋಗಲಿ, ಬೋಲ್ಟ್ ಮುಖವನ್ನೂ ಅದು ತಿಂದಿದೆಯೇ ನೋಡಿ.

ಕೈಗೆತ್ತಿಕೊಂಡ ಮೇಲೆ

ಮೊದಲು ರೈಫಲ್ ಖಾಲಿ ಇದೆಯೇ ನೋಡಿ. ಮಾರುವವರು ಖಾಲಿ ಅಂದರೂ ನೋಡಿ. ಕಣ್ಣಿನಿಂದ ನೋಡಿ, ಆಮೇಲೆ ಚೇಂಬರ್‌ಗೆ, ಅಂದರೆ ಬ್ಯಾರೆಲ್‌ನಲ್ಲಿ ಕಾಡತೂಸು ಕೂರುವ ಗೂಡಿಗೆ, ಬೆರಳು ಹಾಕಿ ನೋಡಿ. ಮುಂದಿನ ಯಾವ ಪರೀಕ್ಷೆಗೂ ನಿಜವಾದ ಕಾಡತೂಸು ಬೇಡ. ಡಮ್ಮಿ ಕಾಡತೂಸು, ಚಿಕ್ಕ ಟಾರ್ಚ್, ಕಪ್ಪು ಮಾರ್ಕರ್, ಸರಿಯಾದ ಸ್ಕ್ರೂಡ್ರೈವರ್, ತುದಿ ಬಾಗಿದ ತೆಳು ತಂತಿ. ಇಷ್ಟು ಜೇಬಿನಲ್ಲಿದ್ದರೆ ಸಾಕು.

ಮೊದಲ ಕೋರಿಕೆ: ಸ್ಟಾಕ್ ಬಿಚ್ಚಿ ತೋರಿಸಿ. ಎರಡು ಸ್ಕ್ರೂ ಬಿಚ್ಚಿದರೆ ಆ್ಯಕ್ಷನ್ ಹೊರಬರುತ್ತದೆ. ಇದಕ್ಕೆ ಒಪ್ಪದವರಿಂದ ಕೊಳ್ಳಬೇಡಿ. ಮಾತು ಕಠಿಣ ಅನ್ನಿಸಬಹುದು, ಕಾರಣ ಕೇಳಿ. ನಾನು ಒಮ್ಮೆ ಹೊಚ್ಚ ಹೊಸ ಬಣ್ಣ ಹಾಕಿಸಿದ ರೈಫಲ್ ಕೊಂಡೆ. ಕನ್ನಡಿಯಂತಿತ್ತು. ಮನೆಗೆ ತಂದು ಸ್ಟಾಕ್ ಬಿಚ್ಚಿದರೆ, ಮರದೊಳಗೆ ಮುಚ್ಚಿಹೋಗಿದ್ದ ರಿಸೀವರ್‌ನ ಅಡಿಯೆಲ್ಲ ತುಕ್ಕು ತಿಂದು ಗುಳಿಬಿದ್ದಿತ್ತು. ಮರ ಮಳೆನೀರು ಹೀರಿಕೊಂಡು ವರ್ಷಗಟ್ಟಲೆ ಕಬ್ಬಿಣಕ್ಕೆ ಒತ್ತಿ ಹಿಡಿದಿತ್ತು. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಅಂದಿನಿಂದ ಹೊಸ ಬಣ್ಣ ಕಂಡರೆ ನನಗೆ ಭಯ, ಹಳೆಯ ಸವೆದ ಬಣ್ಣ ಕಂಡರೆ ನೆಮ್ಮದಿ.

ಮೇಲ್ಮೈಯಲ್ಲಿ ಕೆಂಪು ಪುಡಿಯಂಥ ತುಕ್ಕು ಇದ್ದರೆ ಪರವಾಗಿಲ್ಲ, ಎಣ್ಣೆ ಹಾಕಿ ಸಣ್ಣ ಉಕ್ಕಿನ ಉಣ್ಣೆಯಲ್ಲಿ ಉಜ್ಜಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ, ಅದು ಎಲ್ಲಿದೆ ಎನ್ನುವುದು ಮುಖ್ಯ. ರಿಸೀವರ್‌ನ ಮುಂದಿನ ಉಂಗುರದಲ್ಲಿ, ಲಗ್ ಕೂರುವ ಜಾಗದ ಸುತ್ತ ಇದ್ದರೆ ಬೇಡವೇ ಬೇಡ.

ಈಗ ಬೋಲ್ಟ್ ಹೊರತೆಗೆಯಿರಿ. ಮುಖಕ್ಕೆ ಟಾರ್ಚ್ ಹಿಡಿಯಿರಿ. ಪ್ರೈಮರ್ ಅಗಲದ ಉಂಗುರದಂಥ ಸುಟ್ಟ ಗುಳಿ ಕಂಡರೆ ಯಾರೋ ಅತಿ ಒತ್ತಡದ ಕಾಡತೂಸು ಹೊಡೆದಿದ್ದಾರೆ, ಅನಿಲ ಸೋರಿದೆ ಎಂದು ತಿಳಿಯಿರಿ. ಒಂದೆರಡು ಚುಕ್ಕಿ ಸಹಿಸಬಹುದು, ಪೂರ್ತಿ ಉಂಗುರ ಇದ್ದರೆ ಅದರ ಹಿಂದೆ ಕತೆ ಇದೆ. ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್‌ನ ತೂತು ದುಂಡಗಿದೆಯೇ, ಅಂಚು ಚಕ್ಕೆ ಎದ್ದಿದೆಯೇ ನೋಡಿ. ತೂತು ಅಗಲವಾಗಿದ್ದರೆ ಬುಷ್ ಹಾಕಿ ಸರಿ ಮಾಡುತ್ತಾರೆ, ಅದಕ್ಕಾಗಿ ರೈಫಲ್ ಬಿಡಬೇಕಿಲ್ಲ. ಬೆಲೆ ಇಳಿಸಿ ಅಷ್ಟೆ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಲಗ್‌ಗಳ ಹತ್ತಿರ ಕಳೆಯಿರಿ. ಪ್ರತಿ ಗುಂಡಿನ ಹೊಡೆತವನ್ನೂ ಹೊರುವುದು ಅವೇ. ಲಗ್‌ಗಳ ಹಿಂಬದಿಗೆ ಮಾರ್ಕರ್ ಬಳಿಯಿರಿ. ಬೋಲ್ಟ್ ಹಾಕಿ ಹತ್ತು ಹದಿನೈದು ಸಲ ಮುಚ್ಚಿ ತೆರೆಯಿರಿ. ಹೊರತೆಗೆದು ನೋಡಿ. ಬಣ್ಣ ಎರಡೂ ಲಗ್‌ನಲ್ಲಿ ಅಳಿಸಿದ್ದರೆ ಎರಡೂ ಭಾರ ಹೊರುತ್ತಿವೆ. ಒಂದರಲ್ಲೇ ಅಳಿಸಿದ್ದರೆ ಒಂದೇ ದುಡಿಯುತ್ತಿದೆ. ಕಾರ್ಖಾನೆಯಿಂದ ಬಂದ ಆ್ಯಕ್ಷನ್‌ಗಳಲ್ಲಿ ಇದು ಅಪರೂಪವೇನಲ್ಲ, ನೇರ ಮಾಡಿಸಬಹುದು. ಆ ಖರ್ಚು ನಿಮ್ಮದು ಎಂಬುದು ನೆನಪಿರಲಿ.

ಆಮೇಲೆ ರಿಸೀವರ್ ಒಳಗೆ, ಲಗ್ ಬಂದು ಒರಗುವ ಜಾಗಕ್ಕೆ ಬಾಗಿದ ತಂತಿಯ ತುದಿ ತಾಗಿಸಿ ಎಳೆಯಿರಿ. ಮೆಟ್ಟಿಲಿನಂಥ ಅಂಚು ತಂತಿಗೆ ಸಿಕ್ಕಿದರೆ ಲಗ್ ಉಕ್ಕಿನೊಳಗೆ ಕುಸಿದು ಕೂತಿದೆ ಎಂದರ್ಥ. ಅಂಥ ರೈಫಲ್‌ನಲ್ಲಿ ಚೇಂಬರ್ ಖಾಲಿ ಇದ್ದರೂ ಬೋಲ್ಟ್ ಹಿಡಿ ಎತ್ತುವಾಗ ಒಂದು ಕಡೆ ಹಿಡಿದಂತಾಗುತ್ತದೆ. ಮೆತ್ತಗಾದ ರಿಸೀವರ್ ಅದು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಸಾಧ್ಯವಾದರೆ ಗೇಜ್ ಹಾಕಿ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟ್‌ನ ಮುಖಕ್ಕೂ ಚೇಂಬರ್‌ನಲ್ಲಿ ಕಾಡತೂಸು ತಡೆದು ನಿಲ್ಲುವ ಜಾಗಕ್ಕೂ ನಡುವಿನ ದೂರ, ನೋಡಿಸಿ. .308ಕ್ಕೆ ಗೋ ಗೇಜ್ 1.630 ಇಂಚು, ನೋ-ಗೋ 1.634, ಫೀಲ್ಡ್ 1.638. ಬೋಲ್ಟ್ ಗೋ ಗೇಜ್ ಮೇಲೆ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಬ್ಯಾರೆಲ್ ಹೇಗೂ ಬದಲಾಗುತ್ತದೆ, ಹೊಸದರ ಜೊತೆ ಹೆಡ್‌ಸ್ಪೇಸ್ ಹೊಸದಾಗಿಯೇ ಹೊಂದಿಸುತ್ತಾರೆ, ಹಾಗಿದ್ದರೆ ಈ ಪರೀಕ್ಷೆ ಯಾಕೆ ಎಂದು ಕೇಳಬಹುದು. ಕಾರ್ಖಾನೆಯ ಬ್ಯಾರೆಲ್ ಎಂದೂ ಬಿಚ್ಚಿಲ್ಲದ ರೈಫಲ್‌ನಲ್ಲಿ ಫೀಲ್ಡ್ ಗೇಜ್ ಮೇಲೂ ಬೋಲ್ಟ್ ಮುಚ್ಚಿದರೆ, ಏನೋ ಹಿಂದಕ್ಕೆ ಸರಿದಿದೆ. ಸರಿದದ್ದು ಲಗ್ ಅಥವಾ ರಿಸೀವರ್. ಅದು ಹೊಸ ಬ್ಯಾರೆಲ್‌ನಿಂದ ವಾಸಿಯಾಗುವ ರೋಗ ಅಲ್ಲ.

ಟ್ರಿಗರ್ ಪರೀಕ್ಷೆ ಬೇಗ ಮುಗಿಯುತ್ತದೆ. ಖಾಲಿ ಚೇಂಬರ್‌ನಲ್ಲಿ ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿ. ಟ್ರಿಗರ್ ಜೋರಾಗಿ ಎಳೆದು ಬಿಡಿ. ಬೆರಳು ಪೂರ್ತಿ ಹೊರಗಿಟ್ಟು ಸೇಫ್ಟಿ ತೆಗೆಯಿರಿ. ಪಿನ್ ಬಿದ್ದ ಟಕ್ ಸದ್ದು ಕೇಳಬಾರದು. ಬೋಲ್ಟನ್ನು ನಾಲ್ಕೈದು ಸಲ ರಭಸದಿಂದ ಮುಚ್ಚಿ, ಸ್ಟಾಕ್‌ನ ಹಿಂಬದಿಗೆ ಅಂಗೈಯಿಂದ ಬಲವಾಗಿ ಕುಟ್ಟಿ. ಆಗಲೂ ಬೀಳಬಾರದು. ಬಿದ್ದರೆ ಕೊಳ್ಳಲೇಬಾರದು ಎಂದಲ್ಲ, ಟ್ರಿಗರ್ ಬದಲಿಸದೆ ಹೊಡೆಯಬಾರದು ಎಂದು.

ಮೇಲೆ ಸ್ಕೋಪ್ ಬೇಸ್ ಕೂರುವ ತೂತುಗಳನ್ನು ನೋಡಿ. ಸ್ಕೋಪ್ ಕಾಲದ ರೈಫಲ್‌ಗಳಿಗೆ ಇವು ಕಾರ್ಖಾನೆಯಲ್ಲೇ ಬಂದಿರುತ್ತವೆ. ಸೇನಾ ರೈಫಲ್‌ಗಳಿಗೆ ಯಾರೋ ಹಿತ್ತಿಲಲ್ಲಿ ಕೊರೆದಿರುತ್ತಾರೆ, ಸೊಟ್ಟಗೆ. ನಾಲ್ಕೂ ಒಂದೇ ಸಾಲಿನಲ್ಲಿವೆಯೇ ಎಂದು ಹಿಂದಿನಿಂದ ಕಣ್ಣು ಹಾಯಿಸಿ. 6-48 ಅಳತೆಯ ಸ್ಕ್ರೂ ಥ್ರೆಡ್ ಸವೆದಿದ್ದರೆ ಅಥವಾ ಕೂದಲೆಳೆಯಷ್ಟು ಓರೆಯಿದ್ದರೆ 8-40ಗೆ ದೊಡ್ಡದು ಮಾಡಿಸಿ ನೇರ ಮಾಡಬಹುದು. ಬೆರಳಗಲ ಓರೆಯಿದ್ದರೆ ಬಿಟ್ಟುಬಿಡಿ.

ಕೊನೆಗೆ ಡಮ್ಮಿ ಕಾಡತೂಸುಗಳನ್ನು ಮ್ಯಾಗಜೀನ್‌ಗೆ ತುಂಬಿ, ಒಂದೊಂದಾಗಿ ಒಳಗೆ ತಳ್ಳಿ ಹೊರಗೆ ಎಸೆಯಿರಿ. ನಿಧಾನವಾಗಿ ಒಮ್ಮೆ, ಜೋರಾಗಿ ಒಮ್ಮೆ. ಬೋಲ್ಟ್ ಮೇಲೆ ನಂಬರ್ ಇದ್ದರೆ ರಿಸೀವರ್‌ನ ನಂಬರಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಎಲ್ಲೋ ಬೋಲ್ಟ್ ಅದಲುಬದಲಾಗಿದೆ.

ಬ್ಯಾರೆಲ್, ಸ್ಟಾಕ್, ಸ್ಕೋಪ್: ಚೌಕಾಸಿಯ ಸರಕು

ಬೋರ್‌ಸ್ಕೋಪ್ ಹಾಕಿ ಬ್ಯಾರೆಲ್ ಒಳಗೆ ನೋಡಿದರೆ ಚೇಂಬರ್‌ನ ಮುಂದೆ ಬತ್ತಿದ ಕೆರೆಯ ತಳದಂಥ ಬಿರುಕುಗಳು ಕಾಣಬಹುದು. ಬಿಸಿ ಅನಿಲ ಸುಟ್ಟ ಗುರುತು ಅವು. .308ರ ಬ್ಯಾರೆಲ್ ಸುಮಾರು 5,000 ಗುಂಡು ತಾಳುತ್ತದೆ. ಗುರಿಯ ಪೈಪೋಟಿಗೆ ಬಳಸುವವರು 6.5 ಕ್ರೀಡ್‌ಮೂರನ್ನು 2,000ದಿಂದ 3,000ಕ್ಕೆ ಬದಲಿಸುತ್ತಾರೆ. ದೊಡ್ಡ ಮ್ಯಾಗ್ನಮ್‌ಗಳು ಅದಕ್ಕೂ ಮೊದಲೇ ಸುಸ್ತಾಗುತ್ತವೆ. ಮಾರುವವರಿಗೆ ಇದು ಬೇಸರದ ಸುದ್ದಿ, ನಿಮಗೆ ಚೌಕಾಸಿಗೆ ಒಳ್ಳೆಯ ಮಾತು. ಮುಖದಲ್ಲಿ ಖುಷಿ ತೋರಿಸಬೇಡಿ.

ಗುರಿ ಚದುರುತ್ತದೆ ಅಂತ ಮಾರುವ ರೈಫಲ್‌ಗಳ ಕಡೆ ನನಗೆ ವಿಶೇಷ ಪ್ರೀತಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಸ್ಕೋಪ್ ಬೇಸ್‌ನ ಸ್ಕ್ರೂ ಸಡಿಲವಾಗಿದ್ದಕ್ಕೆ ಇಡೀ ರೈಫಲ್ಲನ್ನು ಬಯ್ದು ಮಾರುತ್ತಾರೆ. ಹಾಗೆ ಬಂದ ಒಂದನ್ನು ಬಿಚ್ಚುವ ಮೊದಲು ಸುಮ್ನೆ ಸ್ಕ್ರೂ ಬಿಗಿ ಮಾಡಿ ಹೊಡೆದು ನೋಡಿದೆ. ಐದು ಗುಂಡು ಒಂದು ನಾಣ್ಯದ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಅದನ್ನು ಇವತ್ತಿಗೂ ಬಿಚ್ಚಿಲ್ಲ.

ಸ್ಕೋಪ್ ಸೇರಿಸಿ ಬೆಲೆ ಹೇಳಿದರೆ, ಸ್ಕೋಪ್ ಇಲ್ಲದೆ ಎಷ್ಟು ಎಂದು ಕೇಳಿ.

ಲೆಕ್ಕ ಹಾಕಿ, ಎರಡು ಸಲ

ಒಂದು ಹಾಳೆಯಲ್ಲಿ ಬರೆಯಿರಿ: ರೈಫಲ್‌ನ ಬೆಲೆ, ಬ್ಯಾರೆಲ್, ಅದನ್ನು ಕೂರಿಸುವ ಕೂಲಿ, ಆ್ಯಕ್ಷನ್ ನೇರ ಮಾಡಿಸುವ ಕೂಲಿ, ಟ್ರಿಗರ್, ಸ್ಟಾಕ್ ಅಥವಾ ಚಾಸಿಸ್, ಮ್ಯಾಗಜೀನ್, ಸ್ಕೋಪ್ ಬೇಸ್ ಮತ್ತು ರಿಂಗ್, ಬಣ್ಣ, ಪ್ರೂಫ್ ಮತ್ತು ಕಾಗದಪತ್ರ. ಇದರಿಂದ ಹಳೆಯ ಬಿಡಿಭಾಗ ಮಾರಿ ಬರುವುದನ್ನು ಕಳೆಯಿರಿ, ಅದೂ ಅರ್ಧದಷ್ಟೇ ಬರುತ್ತದೆ ಎಂದುಕೊಂಡು.

ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆಯಿರಿ. ಹೊಸ ಕಸ್ಟಮ್ ಆ್ಯಕ್ಷನ್ ಕೊಂಡರೆ ನೇರ ಮಾಡಿಸುವ ಕೂಲಿ ಇಲ್ಲ. ಅಳತೆ ಖಚಿತವಾಗಿರುವುದರಿಂದ ಎಷ್ಟೋ ಆ್ಯಕ್ಷನ್‌ಗಳಿಗೆ ಮೊದಲೇ ತಯಾರಾದ ಬ್ಯಾರೆಲ್ ಸಿಗುತ್ತದೆ, ಕೂರಿಸುವ ಕೆಲಸವೂ ಚಿಕ್ಕದು. ಹಳೆಯ ಆ್ಯಕ್ಷನ್‌ನ ಥ್ರೆಡ್, ಮುಖ, ಲಗ್ ಕೂರುವ ಜಾಗ, ಬೋಲ್ಟ್ ಎಲ್ಲವನ್ನೂ ನೇರ ಮಾಡಿಸಿ, ಹಿಡಿ ಮತ್ತೆ ಬೆಸೆಸಿ, ಎಕ್ಸ್‌ಟ್ರಾಕ್ಟರ್ ಬದಲಿಸುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರ ಆಗುವುದುಂಟು. ಎರಡು ಮೊತ್ತಗಳು ಹತ್ತಿರ ಹತ್ತಿರ ಇದ್ದರೆ ಹೊಸದನ್ನೇ ಕೊಳ್ಳಿ. ಹಳೆಯದು ಲಾಭ ಆಗುವುದು ರೈಫಲ್ ನಿಜಕ್ಕೂ ಅಗ್ಗವಾಗಿದ್ದಾಗ, ಅಥವಾ ಆ್ಯಕ್ಷನ್ ಇದ್ದ ಹಾಗೇ ಸಾಕಷ್ಟು ನೇರವಾಗಿದ್ದಾಗ. ಟಿಕ್ಕಾ, ಹೋವಾಗಳಲ್ಲಿ ನೇರ ಮಾಡಿಸುವ ಗೋಜಿಗೇ ಹೋಗದೆ ಬ್ಯಾರೆಲ್ ಹಾಕಿಸುವವರು ಬಹಳ. ಬೇಟೆಗೆ, ಸಾಮಾನ್ಯ ಗುರಿ ಅಭ್ಯಾಸಕ್ಕೆ ಅಷ್ಟು ಧಾರಾಳ ಸಾಕು.

ಕೊಂಡು ತಂದ ಮೇಲೆ

ಬ್ಯಾರೆಲ್ ನೀವೇ ಬಿಚ್ಚಲು ಹೋಗಬೇಡಿ. ಪೈಪ್ ಪಾನಾ ಹಾಕಿ ತಿರುಗಿಸಿ ರಿಸೀವರನ್ನೇ ತಿರುಚಿದವರನ್ನು ನೋಡಿದ್ದೇನೆ. ಇದಕ್ಕೆ ಬ್ಯಾರೆಲ್ ಹಿಡಿಯುವ ವೈಸ್, ರಿಸೀವರ್ ಒಳಗೆ ಕೂರುವ ಪಾನಾ ಬೇಕು. ಜಗ್ಗದಿದ್ದರೆ ಗನ್‌ಸ್ಮಿತ್ ಲೇತ್‌ನಲ್ಲಿ ಬ್ಯಾರೆಲ್‌ನ ಭುಜದ ಮುಂದೆ ಒಂದು ಗೀರು ಹಾಕುತ್ತಾರೆ. ಒತ್ತಡ ಇಳಿದು ಕೈಯಲ್ಲೇ ಬಿಚ್ಚುವಷ್ಟು ಸಡಿಲವಾಗುತ್ತದೆ. ಆ ಬ್ಯಾರೆಲ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳುತ್ತಾರೆ.

ಬ್ಯಾರೆಲ್ ಬಿಚ್ಚಿದ ಮೇಲೆ, ಹೊಸದಕ್ಕೆ ಹಣ ಕಟ್ಟುವ ಮೊದಲು, ಬರಿ ರಿಸೀವರ್‌ಗೆ ಬಿರುಕಿನ ಪರೀಕ್ಷೆ ಮಾಡಿಸಿ. ಕೆಂಪು ಬಣ್ಣದ ದ್ರವ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದ ಬಣ್ಣ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಸೇನಾ ಆ್ಯಕ್ಷನ್ ಆದರೆ ಇದನ್ನು ತಪ್ಪಿಸಲೇಬೇಡಿ. ಮೇಲೆ ಮೂಡುವುದು ಒಂದೇ ಒಂದು ಕೆಂಪು ಗೆರೆಯಾದರೂ ರಿಸೀವರ್ ಬದಿಗಿಟ್ಟು, ಬೋಲ್ಟ್ ಮತ್ತು ಬಿಡಿಭಾಗಗಳನ್ನು ಮಾತ್ರ ಉಳಿಸಿಕೊಳ್ಳಿ. ಗೆರೆ ಇಲ್ಲವೆಂದಾದರೆ ಗನ್‌ಸ್ಮಿತ್‌ಗೆ ರಿಸೀವರ್ ಮತ್ತು ಬೋಲ್ಟ್ ಎರಡನ್ನೂ ಒಟ್ಟಿಗೆ ಕೊಡಿ. ಜೊತೆಗೆ ನೀವು ಹೊಡೆಯಬೇಕೆಂದಿರುವ ಕಾಡತೂಸಿನ ಒಂದು ಡಮ್ಮಿಯನ್ನೂ, ಬುಲೆಟ್ ನಿಮಗೆ ಬೇಕಾದ ಉದ್ದಕ್ಕೆ ಕೂರಿಸಿ, ಕೊಡಿ. ಚೇಂಬರ್‌ನ ಗಂಟಲನ್ನು ಅವರು ಅದಕ್ಕೆ ತಕ್ಕಂತೆ ಕೊರೆಯುತ್ತಾರೆ.